ಪದಚರ್ಚೆ: ‘ತೀವ್ರ ಅಪೌಷ್ಟಿಕತೆ’ಗೆ ತಾಯಂದಿರಿಗೆ ತಿಳಿಯುವ ಮಾತು ಯಾವುದು?

ಮಾನ್ಯರೇ,

ದಕ್ಷಿಣ ಕೊಡಗಿನ ಆದಿವಾಸಿ ಹಾಡಿಗಳಲ್ಲಿಯೂ ಕಾಫಿ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿಯೂ ಇರುವ ತಾಯಂದಿರಿಗಾಗಿ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ತೀರ ಸೊರಗಿದ ಮಗುವಿಗೆ ಹಸಿವು ಸರಿಯಾಗಿದ್ದು ಬೇರೆ ಕಾಯಿಲೆಯ ತೊಡಕಿಲ್ಲದಿದ್ದರೆ, ಆಸ್ಪತ್ರೆಗೆ ಸೇರಿಸದೆ ಮನೆಯಲ್ಲಿಯೇ ವಿಶೇಷ ಆಹಾರ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು 2007ರಲ್ಲಿ ಜಂಟಿಯಾಗಿ ಹೇಳಿದವು. ಈ ಆಹಾರವನ್ನು ಸ್ಥಳೀಯವಾಗಿಯೇ ತಯಾರಿಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಕೈಪಿಡಿಯಲ್ಲಿ ಹೇಳಬೇಕಾದದ್ದು ಇಷ್ಟೇ, ಆದರೆ ಹೇಳುವ ಮಾತಿನಲ್ಲಿ ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ರೋಗದ ಹೆಸರು. ‘ಸಿವಿಯರ್ ಅಕ್ಯೂಟ್ ಮಾಲ್‌ನ್ಯೂಟ್ರಿಷನ್’ ಎಂಬ ಅದರ ಇಂಗ್ಲಿಷ್ ಹೆಸರಿನಲ್ಲಿ ಎರಡು ವಿಶೇಷಣಗಳಿವೆ. ‘ಅಕ್ಯೂಟ್’ ಕಾಲವನ್ನು ಸೂಚಿಸುತ್ತದೆ, ಅಂದರೆ ಬಹುಕಾಲದಿಂದ ಇದ್ದದ್ದಲ್ಲ, ಇತ್ತೀಚೆಗೆ ಬೇಗನೆ ಬಂದದ್ದು. ‘ಸಿವಿಯರ್’ ಎಷ್ಟು ಕೆಟ್ಟದ್ದು ಎಂಬ ಪ್ರಮಾಣವನ್ನು. ಕನ್ನಡದಲ್ಲಿ ಎರಡಕ್ಕೂ ನಾವು ‘ತೀವ್ರ’ ಎಂದೇ ಬರೆಯುತ್ತ ಬಂದಿರುವುದರಿಂದ, ಒಂದು ‘ತೀವ್ರ’ ಉದುರಿಹೋಗಿ ‘ತೀವ್ರ ಅಪೌಷ್ಟಿಕತೆ’ ಉಳಿದಿದೆ. ಅದಕ್ಕಿಂತ ಕೆಳಗಿನ ದರ್ಜೆಯನ್ನು (ಇಂಗ್ಲಿಷಿನ ‘ಮಾಡರೇಟ್’) ಹೇಳಹೊರಟರೆ ‘ಸಾಧಾರಣ ತೀವ್ರ ಅಪೌಷ್ಟಿಕತೆ’ ಎಂಬ ಅರ್ಥವಾಗದ ಮಾತು ಹುಟ್ಟುತ್ತದೆ. ಅಂಗನವಾಡಿ ಕಾರ್ಯಕರ್ತೆಯರು ಇದರ ಗೋಜಿಗೇ ಹೋಗದೆ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಹಿಡಿದು ‘ಸ್ಯಾಮ್ ಮಗು’, ‘ಮ್ಯಾಮ್ ಮಗು’ ಎನ್ನುತ್ತಾರೆ. ಅವರನ್ನು ನಾನು ತಪ್ಪು ಹೇಳಲಾರೆ.

‘ಅಪೌಷ್ಟಿಕ’ವೂ ನನಗೆ ಒಪ್ಪಿಗೆಯಾಗುವುದಿಲ್ಲ. (‘ಪುಷ್ಟಿ’ಯಿಂದ ಬಂದ ಪದವಾದ್ದರಿಂದ ‘ಪೌಷ್ಟಿಕ’ ಸರಿ; ಹಲವು ಫಲಕಗಳಲ್ಲಿ ಕಾಣುವ ‘ಪೌಷ್ಠಿಕ’ ತಪ್ಪು.) ಪೌಷ್ಟಿಕ ಎಂದರೆ ಪುಷ್ಟಿ ಕೊಡುವಂಥದ್ದು, ಅದು ಆಹಾರದ ಗುಣ. ಹಾಗಿರುವಾಗ ‘ಅಪೌಷ್ಟಿಕ ಮಗು’ ಎಂದರೆ ಪುಷ್ಟಿ ಕೊಡದ ಮಗು ಎಂದಾಗುತ್ತದೆ. ಕೊರತೆಯಾದದ್ದು ಮಗುವಿಗೆ ಸಿಕ್ಕಬೇಕಾದ ಪೋಷಣೆ, ಮಗುವಿನ ಗುಣವಲ್ಲ. ‘ಪೋಷಣೆ ಸಾಲದ ಮಗು’ ಎಂದರೆ ಕೇಳಿದವರ ಗಮನ ಇರಬೇಕಾದ ಕಡೆಗೆ ತಿರುಗುತ್ತದೆ.

ನನಗೆ ತೋಚಿದ ಪದ ‘ಸೊರಗು’. ಕೊಡಗಿನ ತೋಟದಲ್ಲಿ ಕೆಲಸ ಮಾಡುವವರಿಗೆಲ್ಲ ಇದು ಪರಿಚಿತ, ಏಕೆಂದರೆ ಕಾಳುಮೆಣಸಿನ ಬಳ್ಳಿಗೆ ಬರುವ ರೋಗಗಳಲ್ಲಿ ‘ಶೀಘ್ರ ಸೊರಗು’, ‘ನಿಧಾನ ಸೊರಗು’ ಎಂದು ಎರಡು ಬಗೆಗಳಿವೆ. ವೈದ್ಯಕೀಯ ಕನ್ನಡ ಹುಡುಕುತ್ತಿರುವ ಕಾಲಭೇದ ಇಲ್ಲಿ ತಾನಾಗಿಯೇ ಸಿಕ್ಕಿದೆ. ಪ್ರಮಾಣಕ್ಕೆ ‘ಕಡುಬಡವ’ದಲ್ಲಿರುವ ‘ಕಡು’ ಸೇರಿಸಿ ‘ಕಡುಸೊರಗು’ ಎನ್ನಬಹುದು. ಆದರೆ ಶೀಘ್ರ ಸೊರಗು ಹತ್ತಿದ ಬಳ್ಳಿ ಸಾಮಾನ್ಯವಾಗಿ ಉಳಿಯುವುದಿಲ್ಲ ಎಂಬುದು ತೋಟದವರ ಅನುಭವ. ಮಗು ಚೇತರಿಸಿಕೊಳ್ಳುತ್ತದೆ ಎಂದು ಹೇಳಹೊರಟ ಕೈಪಿಡಿ ಸಾವಿನ ನೆನಪು ತರುವ ಹೆಸರಿನಿಂದ ಆರಂಭವಾಗಬಾರದು. ಆದ್ದರಿಂದ ‘ಶೀಘ್ರ’ವನ್ನು ಬಿಟ್ಟು ‘ಕಡುಸೊರಗು’ ಮಾತ್ರ ಇಟ್ಟುಕೊಂಡಿದ್ದೇನೆ.

ಎರಡನೆಯ ತೊಡಕು ಈ ಪದದೊಳಗೇ ಇದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಾಗಿ ಅಳತೆಪಟ್ಟಿಯ ಕೆಂಪು ಭಾಗಕ್ಕೆ ಬಂದ ಮಗುವನ್ನು ಸೊರಗಿದ ಮಗು ಎಂದರೆ ಯಾರೂ ಒಪ್ಪುತ್ತಾರೆ. ಪೋಷಣೆ ಸಾಲದೆಯೇ ಎರಡೂ ಪಾದ ಊದಿಕೊಂಡ ಮಗುವಿನ ಮಾತೇ ಬೇರೆ. ಹಾಡಿಯೊಂದರಲ್ಲಿ ಕಾರ್ಯಕರ್ತೆ ಅಂಥ ಮಗುವಿನ ಪಾದದ ಮೇಲೆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ತೆಗೆದಾಗ ಅಲ್ಲಿ ಕುಳಿ ಹಾಗೆಯೇ ಉಳಿದದ್ದನ್ನು ನಾನು ನೋಡಿದ್ದೇನೆ. ಪಕ್ಕದಲ್ಲಿದ್ದ ಅಜ್ಜಿ, “ಮಗು ಈಗೀಗ ತುಂಬಿಕೊಳ್ತಾ ಉಂಟಲ್ಲ, ಅಕ್ಕ” ಎಂದರು. ‘ಸೊರಗು’ ಎಂಬ ಪದ ಆ ಅಜ್ಜಿಯನ್ನು ತಲುಪುವುದಿಲ್ಲ.

ಈ ಊತದ ರೋಗಕ್ಕೆ ವೈದ್ಯಕೀಯದಲ್ಲಿ ‘ಕ್ವಾಶಿಯೋರ್ಕರ್’ ಎಂದು ಹೆಸರು. ವೈದ್ಯೆ ಸಿಸಿಲಿ ವಿಲಿಯಮ್ಸ್ 1935ರಲ್ಲಿ ವೈದ್ಯಲೋಕಕ್ಕೆ ಪರಿಚಯಿಸಿದ ಈ ಪದ ಘಾನಾದ ‘ಗಾ’ ಭಾಷೆಯದು. ಇನ್ನೊಂದು ಕೂಸು ಬಂದು ಹಾಲು ತಪ್ಪಿದಾಗ ದೊಡ್ಡ ಮಗುವಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ನಮ್ಮ ಆಯುರ್ವೇದದಲ್ಲಿಯೂ ಗರ್ಭಿಣಿಯ ಹಾಲು ಕುಡಿದು ಬಡವಾಗುವ ಮಗುವಿನ ಕಾಯಿಲೆಗೆ ‘ಪಾರಿಗರ್ಭಿಕ’ ಎಂಬ ಹೆಸರಿದೆ. ಎರಡು ಕಡೆಯವರೂ ಹೆಸರಿಟ್ಟದ್ದು ಕಾಯಿಲೆ ಬರುವ ಸಂದರ್ಭ ನೋಡಿ, ಮೈಯ ಗಾತ್ರ ನೋಡಿ ಅಲ್ಲ.

ಮೂರನೆಯದು ಆಹಾರದ ಹೆಸರು, ನನ್ನನ್ನು ಹೆಚ್ಚು ಕಾಡುತ್ತಿರುವುದೂ ಅದೇ. ಹಿಂದೊಮ್ಮೆ ಬೇರೊಂದು ಕರಪತ್ರದಲ್ಲಿ ನಾನೇ ‘ಪಥ್ಯಾಹಾರ’ ಎಂದು ಬರೆದಿದ್ದೆ. ಹಿತವಾದದ್ದು ಎಂಬ ಮೂಲಾರ್ಥ ನನ್ನ ಮನಸ್ಸಿನಲ್ಲಿತ್ತು. ಅದನ್ನು ಓದಿಸಿಕೊಂಡ ಲೈನ್ ಮನೆಯ ತಾಯಿಯೊಬ್ಬಳು ಮಗುವಿಗೆ ಮೊಟ್ಟೆಯನ್ನೂ ಬಾಳೆಹಣ್ಣನ್ನೂ ನಿಲ್ಲಿಸಿಬಿಟ್ಟಳು. ಜನರ ಬಾಯಲ್ಲಿ ಪಥ್ಯವೆಂದರೆ ಬಿಡಬೇಕಾದದ್ದು. ಆ ಒಂದು ಪದಕ್ಕಾಗಿ ಈಗಲೂ ನನಗೆ ನೋವಿದೆ.

‘ಮದ್ದಿನ ಊಟ’ ಎನ್ನೋಣವೆಂದರೆ, ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುವ ಕೊಡಗಿನಲ್ಲಿ ಮದ್ದೂ ಊಟವೂ ಒಂದಾಗುವುದು ಹೊಸತಲ್ಲ. ಆದರೂ ‘ಮದ್ದು ಹಾಕುವುದು’ ಎಂಬ ನುಡಿಗಟ್ಟಿನ ಭಯ ದೊಡ್ಡದು. ಹೊರಗಿನಿಂದ ಬಂದವರು ಕೊಟ್ಟ ಪೊಟ್ಟಣಕ್ಕೆ ಆ ಹೆಸರು ಬೇಡ. ‘ಮಣ್ಣಿ’, ‘ಸರಿ’, ‘ಗಂಜಿ’ ಮಕ್ಕಳ ಆಹಾರದ ಚೆಂದದ ಹೆಸರುಗಳು, ಆದರೆ ಎಲ್ಲವೂ ನೀರಿನಲ್ಲಿ ಬೇಯುವಂಥವು. ನೆಲಗಡಲೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳಿಗೆ ಜೀವಸತ್ವ ಮತ್ತು ಖನಿಜಗಳನ್ನು ಬೆರೆಸಿ ಅರೆದ ಈ ಆಹಾರಕ್ಕೆ ನೀರು ತಾಗಿಸಬಾರದು. ನೀರಿಲ್ಲದ ಕಾರಣಕ್ಕೇ ಅದರಲ್ಲಿ ರೋಗಾಣು ಸುಲಭವಾಗಿ ಬೆಳೆಯುವುದಿಲ್ಲ. ನೆಕ್ಕಿ ತಿನ್ನುವುದು ಎಂಬ ಅರ್ಥದ ‘ಲೇಹ್ಯ’ ರೂಪಕ್ಕೆ ಸರಿಯಾಗಿ ಹೊಂದುತ್ತದೆ, ಬಾಣಂತಿ ಲೇಹ್ಯದಿಂದ ಹೆಂಗಸರಿಗೆ ಪರಿಚಿತವೂ ಹೌದು. ಆದರೆ ಲೇಹ್ಯವನ್ನು ದಿನಕ್ಕೆ ಒಂದೆರಡು ಚಮಚ ತಿನ್ನುವುದು ರೂಢಿ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೋಕ್ಯಾಲರಿ ಇದ್ದು, ಮಗುವಿನ ತೂಕ ನೋಡಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಪೊಟ್ಟಣ ಬೇಕಾಗುವಾಗ, ಚಮಚದ ಲೆಕ್ಕ ಮಗುವನ್ನು ಮತ್ತೆ ಹಸಿವಿಗೇ ದೂಡುತ್ತದೆ. ‘ಲೇಹ್ಯದೂಟ’ ಎಂದರೆ ಇದು ಊಟವೇ, ಹೊಟ್ಟೆ ತುಂಬ ಕೊಡಬೇಕಾದದ್ದು ಎಂಬುದು ತಿಳಿದೀತೇ?

ಯರವ, ಜೇನುಕುರುಬ, ಬೆಟ್ಟಕುರುಬ ನುಡಿಗಳನ್ನೋ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಮನೆಮಾತಾಗಿ ಬಲ್ಲವರಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಇದು: ತಂಗಿಯೋ ತಮ್ಮನೋ ಹುಟ್ಟಿದ ಮೇಲೆ ಬಡವಾಗಿ, ಆಟ ಬಿಟ್ಟು, ಪಾದ ಊದಿಸಿಕೊಂಡು ಕೂತ ಮಗುವಿಗೆ ನಿಮ್ಮ ಅಜ್ಜಿಯರು ಏನೆನ್ನುತ್ತಿದ್ದರು?