ಕ್ಯಾಲ್ಕುಲೇಟರ್ ಹುಲ್ಲಿನ ಬೀಜ ಬೆಳೆಯೋಕೆ ಹೊರಟ

ನಮ್ಮ ಗುಂಪಲ್ಲೊಬ್ಬ ಇದಾನೆ, ಎಲ್ಲರೂ ಕ್ಯಾಲ್ಕುಲೇಟರ್ ಅಂತಾನೇ ಕರೆಯೋದು, ಯಾಕಂದ್ರೆ ಯಾರು ಏನೇ ಹೇಳಿದ್ರೂ ಅವನು ಮೊದಲು ಮಾಡೋದು ಗುಣಾಕಾರ. ಕಳೆಯೋ ಲೆಕ್ಕ ಅವನ ಸಿಲಬಸ್‌ನಲ್ಲೇ ಇಲ್ಲ. ಮೊನ್ನೆ ಬಂದವನೇ, "ಡಿಸೈಡ್ ಮಾಡ್ಬಿಟ್ಟೆ, ಹುಲ್ಲು ಬೆಳೀತೀನಿ" ಅಂದ.

"ಬೆಳೆಯೋದೇನು ಬಂತು, ನಿನ್ನ ಹೊಲದಲ್ಲಿ ಅದು ತಾನಾಗೇ ಬೆಳೀತಿದೆಯಲ್ಲ" ಅಂದೆ ನಾನು.

"ಅಯ್ಯೋ ಮಾರಾಯ, ಹುಲ್ಲು ಮಾರೋದಲ್ಲ, ಹುಲ್ಲಿನ ಬೀಜ ಮಾರೋದು! ಹಸು ಸಾಕೋರಿಗೆಲ್ಲ ಮೇವು ಬೇಕು, ಮೇವಿಗೆ ಬೀಜ ಬೇಕು, ಬೀಜ ಬೆಳೆಯೋರು ಕಮ್ಮಿ. ಅರ್ಧ ಎಕರೆ ಸಾಕು. ಫೋನಲ್ಲಿ ಒಂದು ಜಾಹೀರಾತು ಬಂತು, ಹೈಬ್ರಿಡ್ ನೇಪಿಯರ್ ಬೀಜ, ಒಂದು ಪ್ಯಾಕೆಟ್ ತರಿಸಿ ಬಿತ್ತಿದ್ರೆ ಅದರಿಂದ ನೂರು ಪ್ಯಾಕೆಟ್, ನೂರರಿಂದ..."

ಮೇಷ್ಟ್ರು ಕನ್ನಡಕ ತೆಗೆದ್ರು. ಅವರು ಕನ್ನಡಕ ತೆಗೆದ್ರೆ ಯಾರದೋ ಒಂದು ಕನಸು ಒಡೀತು ಅಂತ ಅರ್ಥ. "ಹೈಬ್ರಿಡ್ ನೇಪಿಯರ್‌ಗೆ ಬೀಜ ಎಲ್ಲಿಂದ ಬರ್ಬೇಕಯ್ಯ? ಅದು ಸಜ್ಜೆಗೂ ಆನೆಹುಲ್ಲಿಗೂ ಹುಟ್ಟಿದ ಬೆರಕೆ ಮೇವಿನ ಹುಲ್ಲು. ಸಜ್ಜೆಗೆ 14 ಕ್ರೋಮೋಸೋಮ್, ಆನೆಹುಲ್ಲಿಗೆ 28. ಸಜ್ಜೆ ತನ್ನ ಅರ್ಧ 7 ಕೊಡ್ತು, ಆನೆಹುಲ್ಲು ತನ್ನ ಅರ್ಧ 14 ಕೊಡ್ತು, ಹುಟ್ಟಿದ್ದಕ್ಕೆ 21. ಬೆಸಸಂಖ್ಯೆ, ಜೋಡಿ ಕೂರಲ್ಲ. ಹೇಸರಗತ್ತೆ ಥರ, ಮೈ ಗಟ್ಟಿ, ಮರಿ ಇಲ್ಲ. ಅದನ್ನ ಕಾಂಡದ ತುಂಡಲ್ಲೋ ಬೇರಿನ ಮೊಳಕೆಯಲ್ಲೋ ನೆಡೋದು."

"ಮತ್ತೆ ಆ ಪ್ಯಾಕೆಟ್ಟಲ್ಲಿ ಇರೋದೇನು?"

"ಫೋಟೋದಲ್ಲಿ ಇರೋದು ನೇಪಿಯರ್ರು, ಪ್ಯಾಕೆಟ್ಟಲ್ಲಿ ಇರೋದು ನಿನ್ನ ನಸೀಬು."

ಅಷ್ಟೊತ್ತಿಗೆ ಕ್ಯಾಲ್ಕುಲೇಟರ್‌ನ ಅಕ್ಕ ಬಂದ್ರು. ಅವರು ಎರಡು ವರ್ಷದಿಂದ ಸದ್ದಿಲ್ಲದೆ ಗಿನಿ ಅನ್ನೋ ಮೇವಿನ ಹುಲ್ಲಿನ ಬೀಜ ಮಾಡಿ ಮಾರ್ತಿದಾರೆ, ಈ ಮಹಾನುಭಾವನಿಗೆ ಐಡಿಯಾ ಬಂದಿದ್ದೂ ಅವರ ಪಾಸ್‌ಬುಕ್ ಕದ್ದು ನೋಡಿಯೇ, ಅದನ್ನ ಅವನು ಒಪ್ಪಲ್ಲ ಬಿಡಿ.

"ಸರಿ, ಗಿನಿ ಹುಲ್ಲೇ ಹಾಕ್ತೀನಿ. ಬಿತ್ತೋದು, ಹಣ್ಣಾದ ಮೇಲೆ ಒಂದಿನ ಆಳಿಟ್ಟು ಕೊಯ್ಯೋದು, ಮೂಟೆ ಕಟ್ಟೋದು, ಅಷ್ಟೇ ತಾನೆ?"

ಅಕ್ಕ ನಕ್ಕಿದ್ದು ನೋಡಬೇಕಿತ್ತು. "ಒಂದಿನವಾ? ಲೋ, ಭತ್ತ ರಾಗಿ ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿ ಬುದ್ಧಿ ಕಲಿತಿರೋ ಬೆಳೆಗಳು, ನಾವು ಕುಡುಗೋಲು ತರೋವರೆಗೆ ಕಾಳು ಹಿಡ್ಕೊಂಡು ಕಾಯ್ತವೆ. ಹುಲ್ಲಿಗೆ ಆ ಮರ್ಯಾದೆ ಇಲ್ಲ. ಒಂದೇ ಬುಡದಲ್ಲಿ ಒಂದು ತೆನೆ ಹಣ್ಣಾಗಿರುತ್ತೆ, ಪಕ್ಕದ್ದು ಹೂವಲ್ಲಿರುತ್ತೆ, ಇನ್ನೊಂದು ಹೊಟ್ಟೆಯಿಂದಾನೇ ಬಂದಿರಲ್ಲ. ಹಣ್ಣಾದ ಕಾಳು ನಿನಗೆ ಹೇಳದೆ ಕೇಳದೆ ಉದುರಿ ಹೋಗುತ್ತೆ. ಬೇಗ ಕೊಯ್ದ್ರೆ ಜೊಳ್ಳು, ತಡ ಮಾಡಿದ್ರೆ ಬರೀ ಕಡ್ಡಿ."

"ಹಾಗಾದ್ರೆ ನೀನು ಹೆಂಗೆ ಮಾಡ್ತೀಯ?"

"ಕೊಡವೋದು. ಅಕ್ಕಪಕ್ಕದ ಬುಡಗಳ ತೆನೆ ಎಲ್ಲ ಸೇರಿಸಿ ನಿಂತಲ್ಲೇ ಸಿವುಡು ಥರ ಕಟ್ಟೋದು, ಕೊಯ್ಯಲ್ಲ, ದಿನಾ ಹೋಗಿ ಬಗ್ಗಿಸಿ ನೈಲಾನ್ ಬಲೆ ಹಿಡಿದು ಕೊಡವೋದು. ಹಣ್ಣಾದಷ್ಟು ಬೀಳುತ್ತೆ, ಉಳಿದಿದ್ದು ನಾಳೆ."

ಮೇಷ್ಟ್ರು ಖುಷಿಯಾಗ್ಬಿಟ್ರು. "ಥಾಯ್ಲೆಂಡಿನ ಈಶಾನ್ಯ ಭಾಗದ ಸಣ್ಣ ರೈತರು ಮಾಡೋದು ಇದನ್ನೇ ಕಣಮ್ಮ. 1970ರ ದಶಕದಲ್ಲಿ ಅಲ್ಲಿ ಸರ್ಕಾರ ರೂಜಿ ಅನ್ನೋ ಹುಲ್ಲಿನ ಬೀಜ ಬೆಳೆಸಿ ವಾಪಸ್ ಕೊಂಡುಕೊಳ್ಳೋಕೆ ಶುರು ಮಾಡ್ತು, ಆಮೇಲೆ ಗಿನಿ ಬಂತು, ಕೊಲಂಬಿಯಾದ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಮುಲಾಟೊ-2 ಅನ್ನೋ ಬೆರಕೆ ಹುಲ್ಲು ಬಂತು. ಮುಲಾಟೊದ್ದು ಇನ್ನೂ ಮಜಾ, ನೆಲಕ್ಕೆ ಉದುರಲಿ ಅಂತ ಬಿಟ್ಟು ಆಮೇಲೆ ಪೊರಕೆಯಲ್ಲಿ ಗುಡಿಸ್ತಾರೆ."

"ಪೊರಕೆಯಲ್ಲಿ?" ಕ್ಯಾಲ್ಕುಲೇಟರ್‌ಗೆ ಅವಮಾನ ಆದಂಗಾಯ್ತು. "ಮಷಿನ್ ಯಾಕೆ ಹಾಕಲ್ಲ?"

"ಮಷಿನ್ ಆ ಹೊತ್ತಿಗೆ ಏನಿದೆಯೋ ಅದನ್ನ ಕೊಯ್ದು ಹೋಗುತ್ತೆ, ನಿನ್ನೆ ಉದುರಿದ್ದೂ ಹೋಯ್ತು, ನಾಳೆ ಹಣ್ಣಾಗೋದೂ ಹೋಯ್ತು. ದಿನಾ ಕೊಡವಿದ ಬೀಜ ಪೂರ್ತಿ ಬಲಿತಿರುತ್ತೆ. ನೋಡು, ನೂರಾರು ಎಕರೆಯವನು ಹುಲ್ಲಿನ ಮುಂದೆ ದಿನಾ ಬಂದು ನಿಲ್ಲೋಕಾಗಲ್ಲ, ಅರ್ಧ ಎಕರೆಯವನು ನಿಲ್ಲಬಹುದು. ಸಣ್ಣ ರೈತ ದೊಡ್ಡವನನ್ನ ಸೋಲಿಸೋ ಜಾಗ ಇದೊಂದೇ ಅಂತ ಕಾಣುತ್ತೆ ನನಗೆ."

"ಆದ್ರೆ ನಿಲ್ಲೋದು ರೈತ ಅಲ್ಲ ಮೇಷ್ಟ್ರೇ, ಅವನ ಹೆಂಡತಿ" ಅಂದ್ರು ಅಕ್ಕ. ಎಲ್ಲರೂ ಒಂದು ಕ್ಷಣ ಫೋನ್ ನೋಡ್ಕೊಂಡ್ವಿ.

ಮಾತು ಬದಲಾಯಿಸೋಕೆ ನಾನು, ಪಕ್ಕದ ಹೊಲದವನು ಬೇರೆ ತಳಿ ಗಿನಿ ಹಾಕಿದ್ರೆ ಬೆರಕೆ ಆಗಲ್ವಾ ಅಂತ ಕೇಳ್ದೆ. ಆಗಲ್ವಂತೆ. ಗಿನಿ ಹುಲ್ಲಿನ ಬಹುಪಾಲು ಬೀಜ ತಾಯಿಯದೇ ನಕಲು, ಪರಾಗ ಬೇಕು, ಆದ್ರೆ ಅದು ಬರೀ ಬೀಜದೊಳಗಿನ ಬುತ್ತಿ ಕಟ್ಟೋಕೆ, ಮಗುವಿಗೆ ಅಪ್ಪನ ಚಹರೆ ಒಂಚೂರೂ ಬರಲ್ಲ. "ಬುತ್ತಿ ಕೊಟ್ಟು ಕಳಿಸಿಬಿಡ್ತಾರೆ" ಅಂದ್ರು ಮೇಷ್ಟ್ರು, ಯಾಕೋ ಸ್ವಲ್ಪ ಬೇಜಾರಲ್ಲೇ ಅಂದ್ರು.

"ಆಯ್ತಪ್ಪ, ಕೊಡವಿದೆ ಅಂತಿಟ್ಕೊ, ಮೂಟೆ ತುಂಬ್ತು" ಕ್ಯಾಲ್ಕುಲೇಟರ್ ಬಿಡಲಿಲ್ಲ.

"ತುಂಬಲ್ಲ" ಅಂದ್ರು ಅಕ್ಕ. "ಮೊದಲು ನೆರಳಲ್ಲಿ ಹರಡಿ ಕೈಯಾಡಿಸ್ತಾ ಒಣಗಿಸಬೇಕು. ಹೋದ ಸಲ ನೀನು ಉಪಕಾರ ಮಾಡ್ತೀನಿ ಅಂತ ಕಾದ ಸಿಮೆಂಟ್ ನೆಲದ ಮೇಲೆ ಸುರಿದಿದ್ದೆಯಲ್ಲ, ಅದು ಬೀಜ ಒಣಗಿಸಿದ್ದಲ್ಲ, ಹುರಿದಿದ್ದು. ಆಮೇಲೆ ಕೇರಿ ತೂರಬೇಕು. ಹುಲ್ಲಿನ ಬೀಜ ಅಂತ ಕಾಣೋದ್ರಲ್ಲಿ ಎಷ್ಟೋ ಬರೀ ಹೊಟ್ಟು, ಒಳಗೆ ಕಾಳೇ ಇರಲ್ಲ. ಮೊದಲ ವರ್ಷ ನನ್ನ ರಾಶಿ ಸೊಂಟದೆತ್ತರ ಇತ್ತು, ತೂರಿದ ಮೇಲೆ ಮಂಡಿಗೂ ಬರಲಿಲ್ಲ, ನಾನು ಗಾಳಿ ನಿಂತ ಮೇಲೂ ಸುಮಾರು ಹೊತ್ತು ಮೊರ ಹಿಡ್ಕೊಂಡೇ ನಿಂತಿದ್ದೆ."

ಆಗ ಮೇಷ್ಟ್ರು ಒಂದು ಲೆಕ್ಕ ಕೊಟ್ರು. "ಕ್ಯಾಲ್ಕುಲೇಟರ್, ಬರ್ಕೊ. ನಿನ್ನ ಬೀಜದ ಶುದ್ಧತೆ 90 ಪರ್ಸೆಂಟು, ಮೊಳಕೆ 50 ಪರ್ಸೆಂಟು. ನೂರು ಕೆಜಿಯಲ್ಲಿ ನಿಜವಾಗಿ ಜೀವ ಇರೋ ಬೀಜ ಎಷ್ಟು?"

ಗುಣಿಸಿದ. 45. ಜೀವನದಲ್ಲಿ ಮೊದಲ ಸಲ ಅವನು ಗುಣಾಕಾರ ಮಾಡಿ ಸಂಖ್ಯೆ ಚಿಕ್ಕದಾಗಿದ್ದು, ಫೋನ್ ಕೆಟ್ಟಿದೆ ಅಂತ ಇನ್ನೊಂದು ಸಲ ಒತ್ತಿದ.

"ಅದಕ್ಕೇ ತೂಕಕ್ಕೆ ಮಾರಬೇಡ, ಟೆಸ್ಟ್ ಮಾಡಿಸಿ ಮಾರು. ಅದೂ ಕೊಯ್ದ ತಕ್ಷಣ ಟೆಸ್ಟ್ ಮಾಡಿದ್ರೆ ಗಿನಿ ಮೊಳಕೆ ಒಡೆಯೋದು ಅಷ್ಟಕ್ಕಷ್ಟೇ, ಹೊಸ ಬೀಜ ಕೆಲವು ತಿಂಗಳು ನಿದ್ದೆಯಲ್ಲಿರುತ್ತೆ."

"ಹೌದೌದು" ಅಂದ್ರು ಅಕ್ಕ, "ಒಬ್ಬರು ನೂರು ಬೀಜ ಒದ್ದೆ ಬಟ್ಟೆಯಲ್ಲಿಟ್ಟು, ಸತ್ತ ಬೀಜ ಕೊಟ್ಟಿದೀರ ಅಂತ ಫೋನಲ್ಲಿ ಕೂಗಾಡಿದ್ರು. ಸತ್ತಿಲ್ಲ ಸರ್, ಮಲಗಿದೆ ಅಂದೆ. ಇನ್ನೂ ಜಾಸ್ತಿ ಕೂಗಿದ್ರು. ನಾಲ್ಕೈದು ತಿಂಗಳು ಬಿಟ್ಟು ಅವರೇ ಫೋನ್ ಮಾಡಿ ಎದ್ದಿದೆ ಅಂದ್ರು."

"ಬೇಡ ಈ ಹುಲ್ಲಿನ ಸಹವಾಸ, ಕುದುರೆ ಮಸಾಲೆ ಸೊಪ್ಪಿನ ಬೀಜ ಮಾಡ್ತೀನಿ, ಅದೂ ಮೇವೇ, ಆದ್ರೆ ದ್ವಿದಳ, ಸಭ್ಯವಾಗಿರುತ್ತೆ" ಅಂದ ಇವನು.

ಸಭ್ಯವಂತೆ! ಅದರ ಹೂವಲ್ಲಿ ಕೇಸರದ ಕಂಬ ಸ್ಪ್ರಿಂಗ್ ಥರ ಮಡಚಿಕೊಂಡಿರುತ್ತಂತೆ, ಜೇನುನೊಣ ಎದುರಿಂದ ಬಂದು ಕೂತ್ರೆ ಫಟ್ ಅಂತ ಎದ್ದು ತಲೆಗೆ ಹೊಡೆಯುತ್ತೆ, ಹಾಗೆ ಹೊಡೆಸಿಕೊಂಡ್ರೇನೇ ಬೀಜ ಚೆನ್ನಾಗಿ ಕಟ್ಟೋದು. ಜೇನುನೊಣ ಎರಡು ಸಲ ಏಟು ತಿಂದು ಮೂರನೇ ಸಲ ಪಕ್ಕದ ಸಂದಿಯಿಂದ ನಾಲಿಗೆ ಹಾಕಿ ಮಕರಂದ ಕುಡ್ಕೊಂಡು ಹೋಗುತ್ತೆ. ಅದಕ್ಕೆ ಉತ್ತರ ಅಮೆರಿಕದಲ್ಲಿ ರೈತರು ಎಲೆ ಕತ್ತರಿಸೋ ಬೇರೆ ಜಾತಿ ಜೇನು ಸಾಕ್ತಾರೆ, ಅದು ಏಟಿಗೆ ಕೇರ್ ಮಾಡಲ್ಲ. ಮೇಲಿಂದ ಕಸ್ಕ್ಯೂಟಾ ಅನ್ನೋ ಬೇರಿಲ್ಲದ ಹಳದಿ ದಾರದಂಥ ಕಳೆಬಳ್ಳಿ ಬೇರೆ, ಅದರ ಬೀಜ ಮಸಾಲೆ ಸೊಪ್ಪಿನ ಬೀಜದ ಥರಾನೇ ಸಣ್ಣಗಿರುತ್ತೆ, ಸೇರಿಹೋದ್ರೆ ಕೊಂಡವನ ಹೊಲವೂ ಹಾಳು, ನಿನ್ನ ಹೆಸರೂ ಹಾಳು.

ಇಷ್ಟಾದ ಮೇಲೂ ಅವನು, "ಒಂದು ಸಲ ಗಿರಾಕಿ ಸಿಕ್ರೆ ಪ್ರತಿ ವರ್ಷ ಬರ್ತಾರಲ್ಲ, ಆಗ..." ಅಂದ.

"ಬರಲ್ಲ" ಅಂದ್ರು ಅಕ್ಕ ಮತ್ತು ಮೇಷ್ಟ್ರು ಒಟ್ಟಿಗೆ. ಗಿನಿ ಒಂದು ಸಲ ಹಾಕಿದ್ರೆ ವರ್ಷಗಟ್ಟಲೆ ಇರುತ್ತೆ, ಜಾಸ್ತಿ ಬೇಕು ಅಂದ್ರೆ ಕೊಂಡವನೇ ಬುಡ ಒಡೆದು ನೆಟ್ಕೊತಾನೆ, ನೆಂಟರಿಗೂ ಹಂಚ್ತಾನೆ. ನಿನ್ನ ಬೀಜ ಎಷ್ಟು ಚೆನ್ನಾಗಿರುತ್ತೋ ಅಷ್ಟು ಬೇಗ ಗಿರಾಕಿ ಕಳ್ಕೊತೀಯ. ಯಾವುದೋ ಯೋಜನೆಯವರು ಒಂದು ವರ್ಷ ಇರೋದೆಲ್ಲ ಕೊಡಿ ಅಂತಾರೆ, ಮುಂದಿನ ವರ್ಷ ಫೋನೇ ಎತ್ತಲ್ಲ. ಅಕ್ಕ ಬಿತ್ತೋಕೆ ಮುಂಚೆ ಮಾಡೋದು ಒಂದೇ ಕೆಲಸ, ಯಾರು ಎಷ್ಟು ತಗೋತಾರೆ ಅಂತ ಬರೆಸಿಕೊಳ್ಳೋದು, ಬರೆಸಿದಷ್ಟಕ್ಕೇ ಬೀಜ ಬಿಡೋದು, ಮಿಕ್ಕಿದ್ದನ್ನ ಹೂ ಬರೋಕೆ ಮುಂಚೆ ಕೊಯ್ದು ಹಸುವಿಗೆ ಹಾಕೋದು. ಆ ಪಾಸ್‌ಬುಕ್ಕಿನ ಗುಟ್ಟು ಅಷ್ಟೇ.

"ಕಲಿಬೇಕು ಅಂದ್ರೆ ನಾಳೆಯಿಂದ ಕೊಡವೋಕೆ ಬಾ" ಅಂದ್ರು ಅಕ್ಕ.

"ಎಷ್ಟು ದಿನ?"

"ಅದು ಹುಲ್ಲನ್ನ ಕೇಳು."

ಹೋದ. ಮೊದಲ ದಿನ ತೆನೆ ಮುಖಕ್ಕೆ ಬಡೀತಂತೆ, ಎರಡನೇ ದಿನ ಮೈಯೆಲ್ಲ ತುರಿಕೆ. ನಾಲ್ಕನೇ ದಿನ ನಾನು ಅಕ್ಕನಿಗೆ ಫೋನ್ ಮಾಡಿ ಹೆಂಗೆ ಮಾಡ್ತಿದಾನೆ ಅಂತ ಕೇಳ್ದೆ.

"ಜೇನುನೊಣ ಆಗ್ಬಿಟ್ಟ ಕಣಪ್ಪ, ಊಟದ ಹೊತ್ತಿಗೆ ಸರಿಯಾಗಿ ಪಕ್ಕದ ಸಂದಿಯಿಂದ ಬಂದು ಬುತ್ತಿ ತಿಂದು ಹೋಗ್ತಾನೆ."