ಫುಲಾ ಮಾತಿನ ಲಿಪಿಗೆ ನಮ್ಮ ಮನೆ ಗುಂಪಿನಲ್ಲಿ ಜಗಳ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ಮಂಜು ಚಿಕ್ಕಪ್ಪ: (ಫಾರ್ವರ್ಡ್) ಆಫ್ರಿಕಾದ ಗಿನಿ ದೇಶದ ಇಬ್ಬರು ಹುಡುಗರು ಕಣ್ಣು ಮುಚ್ಚಿಕೊಂಡು ಹೊಸ ಲಿಪಿಯನ್ನೇ ಮಾಡಿದರು!! ಇವತ್ತು 4 ಕೋಟಿ ಜನ ಅದರಲ್ಲಿ ಬರೆಯುತ್ತಾರೆ!! ತಪ್ಪದೆ ಹಂಚಿಕೊಳ್ಳಿ 🙏

ಕೃಷ್ಣ ದೊಡ್ಡಪ್ಪ: ಮಂಜು, ಓದಿ ಹಾಕಿದೆಯೋ, ಸುಮ್ನೆ ಒತ್ತಿದೆಯೋ? ಕಣ್ಣು ಮುಚ್ಚಿಕೊಂಡು ಲಿಪಿ ಮಾಡುವುದಂತೆ!

ನಾನು: ಅದೊಂದು ನಿಜ ದೊಡ್ಡಪ್ಪ. ಸುಳ್ಳು ಇರುವುದು 4 ಕೋಟಿಯಲ್ಲಿ. ಆ ಲಿಪಿ ಇರುವುದು ಪಶ್ಚಿಮ ಆಫ್ರಿಕಾದ ಫುಲಾ ಅನ್ನುವ ಭಾಷೆಗೆ. ಫುಲಾ ಮಾತಾಡುವವರು ಹೆಚ್ಚುಕಡಿಮೆ ಅಷ್ಟು ಜನ ಇದ್ದಾರೆ, ಸೆನೆಗಲ್‌ನಿಂದ ಕ್ಯಾಮರೂನ್‌ವರೆಗೆ, ಅದರಾಚೆಗೂ. ಅವರೆಲ್ಲ ಈ ಲಿಪಿಯಲ್ಲಿ ಬರೆಯುವುದಿಲ್ಲ.

ಲತಾ ಅತ್ತೆ: ಕಣ್ಣು ಮುಚ್ಚಿಕೊಂಡದ್ದು ಯಾಕೆ ಪುಟ್ಟಿ?

ನಾನು: 1989ರ ಮಾತು ಅತ್ತೆ. ಊರು ಎನ್ಜೆರೆಕೊರೆ. ಇಬ್ರಾಹಿಮಾ ಬ್ಯಾರಿಗೆ 14 ವರ್ಷ, ತಮ್ಮ ಅಬ್ದುಲಾಯೆಗೆ 10. ಅವರ ಅಪ್ಪನಿಗೆ ಅರಬ್ಬಿ ಅಕ್ಷರ ಚೆನ್ನಾಗಿ ಬರುತ್ತಿತ್ತು. ಜನ ತಮಗೆ ಬಂದ ಕಾಗದ ಹಿಡಿದುಕೊಂಡು ಓದಿಸಿಕೊಳ್ಳಲು ಮನೆಗೇ ಬರುತ್ತಿದ್ದರು. ಫುಲಾದಲ್ಲಿ ಉಸಿರನ್ನು ಒಳಗೆಳೆದು ಹೇಳುವ ಒಂದು ‘ಬ’, ಒಂದು ‘ಡ’ ಇವೆ. ಅರಬ್ಬಿಯಲ್ಲಿ ಅವಕ್ಕೆ ಅಕ್ಷರ ಇಲ್ಲ. ಬರೆಯುವವರು ತಮಗೆ ತೋಚಿದ್ದನ್ನು ಹಾಕುತ್ತಿದ್ದರು, ಓದುವವರು ಊಹೆ ಮಾಡಬೇಕಿತ್ತು. ನಮ್ಮ ಮಾತಿಗೇ ಅಕ್ಷರ ಇರಬಾರದೇಕೆ ಎಂದು ಹುಡುಗರು ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಕಣ್ಣು ಮುಚ್ಚಿ ಗೆರೆ ಎಳೆಯುವುದು, ಕಣ್ಣು ತೆರೆದು ಚೆನ್ನಾಗಿ ಕಂಡದ್ದನ್ನು ಒಂದೊಂದು ಸದ್ದಿಗೆ ಕೊಡುವುದು. ಹಾಗೆ 28 ಅಕ್ಷರ ಆಯಿತು. ಬರೆಯುವುದು ಬಲದಿಂದ ಎಡಕ್ಕೆ. ಈಗ ಅದರ ಹೆಸರು ಅದ್ಲಮ್.

ಅರುಣಣ್ಣ: ಕಥೆ ಚೆನ್ನಾಗಿದೆ. ಆದರೆ ರೋಮನ್‌ನಲ್ಲಿ ಫುಲಾ ಬರೆಯುವ ಪದ್ಧತಿ ಆಗಲೇ ಇತ್ತು. 1966ರಲ್ಲಿ ಮಾಲಿ ದೇಶದ ಬಮಾಕೊದಲ್ಲಿ ಯುನೆಸ್ಕೊ ಸಭೆ ಸೇರಿಸಿ, ಒಳಗೆಳೆಯುವ ‘ಬ’ಕ್ಕೂ ‘ಡ’ಕ್ಕೂ ಕೊಕ್ಕೆ ಇರುವ ಅಕ್ಷರ ಗೊತ್ತು ಮಾಡಿದ್ದರು. ಇರುವುದನ್ನು ಬಿಟ್ಟು ಹೊಸದು ಯಾಕೆ?

ಕೃಷ್ಣ ದೊಡ್ಡಪ್ಪ: ನಾನು ಹೇಳುವುದೂ ಅದೇ. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಮಕ್ಕಳಿಗೆ ಒಂದು ಲಿಪಿ ಹತ್ತುವುದರೊಳಗೆ ಸಾಕುಬೇಕಾಗುತ್ತದೆ. ಕೊಂಕಣಿಯನ್ನೇ ನೋಡಿ. ಮಂಗಳೂರಲ್ಲಿ ಕನ್ನಡ ಲಿಪಿ, ಗೋವಾದಲ್ಲಿ ದೇವನಾಗರಿ, ರೋಮನ್. ಇಲ್ಲಿ ಅಚ್ಚಾದ ಪುಸ್ತಕ ಅಲ್ಲಿಯವರು ಓದಲ್ಲ. ಫುಲಾಕ್ಕೆ ಈಗ ಅರಬ್ಬಿ, ರೋಮನ್, ಇದೊಂದು. ಮೂರು ಚೂರು.

ಅರುಣಣ್ಣ: ಅಪ್ಪ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಸೊಮಾಲಿಗೂ ಉಸ್ಮಾನಿಯಾ ಅಂತ ಸ್ವಂತ ಲಿಪಿ ಇತ್ತು. 1972ರಲ್ಲಿ ಸರ್ಕಾರ ರೋಮನ್ ಆರಿಸಿಕೊಂಡಿತು. ಅದಾಗಿ ಎರಡು ವರ್ಷಕ್ಕೆ ಶಾಲೆ ಹುಡುಗರನ್ನೇ ಹಳ್ಳಿಗಳಿಗೆ ಅಕ್ಷರ ಕಲಿಸಲು ಕಳಿಸಿತು. ಸೊಮಾಲಿಯಲ್ಲಿ ಪಾಠ, ಪೇಪರ್, ಆಫೀಸು ಎಲ್ಲ ಶುರುವಾಯಿತು.

ನಾನು: ಅಣ್ಣ, ನೀನೇ ನನ್ನ ಕೆಲಸ ಸುಲಭ ಮಾಡಿಕೊಟ್ಟೆ. ಅಲ್ಲಿ ಸರ್ಕಾರ ಬೆನ್ನಿಗೆ ನಿಂತಿತ್ತು. ಗಿನಿಯಲ್ಲಿ? ಮೊದಲ ಅಧ್ಯಕ್ಷ ಸೆಕೂ ಟೂರೆ ಕಾಲದಲ್ಲಿ ಅಲ್ಲಿಯ ಭಾಷೆಗಳನ್ನು ರೋಮನ್‌ನಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದರು. 1984ರಲ್ಲಿ ಅವನು ಸತ್ತ, ಪಾಠವೂ ನಿಂತಿತು, ಶಾಲೆ ಮತ್ತೆ ಫ್ರೆಂಚ್‌ಗೆ ಹೋಯಿತು. ಈ ಹುಡುಗರು ಗೆರೆ ಎಳೆಯುತ್ತಾ ಕೂತದ್ದು ಅದಾಗಿ ಐದು ವರ್ಷಕ್ಕೆ. ರೋಮನ್ ಫುಲಾ ಕಾಗದದ ಮೇಲೆ ಇತ್ತು ಸರಿ, ಕಲಿಸುವವರು ಯಾರಿದ್ದರು?

ಲತಾ ಅತ್ತೆ: ಇವರು ಹೇಗೆ ಕಲಿಸಿದರು ಮತ್ತೆ?

ನಾನು: ಮೊದಲು ತಂಗಿಗೆ. ಆಮೇಲೆ ಸಂತೆಯಲ್ಲಿ ವ್ಯಾಪಾರ ಮಾಡುವವರಿಗೆ. ಒಂದೇ ಷರತ್ತು, ಕಲಿತವರು ಕೊನೇಪಕ್ಷ ಇನ್ನು ಮೂವರಿಗೆ ಕಲಿಸಬೇಕು. ಫ್ರೆಂಚ್ ಪುಸ್ತಕಗಳನ್ನು ಫುಲಾಕ್ಕೆ ತಂದು ಕೈಯಲ್ಲೇ ಬರೆದು ಹಂಚಿದರು. ಮಗು ನೋಡಿಕೊಳ್ಳುವುದು, ನೀರು ಸೋಸುವುದು, ಇಂಥವು. ವ್ಯಾಪಾರಿಗಳು ಗಿನಿಯಿಂದ ಪಕ್ಕದ ದೇಶಗಳಿಗೆ ಹೋದಾಗ ಲಿಪಿಯೂ ಅವರ ಜೊತೆ ಹೋಯಿತು. ಇದರ ನಡುವೆ ಇಬ್ರಾಹಿಮಾ ಕೆಲವು ತಿಂಗಳು ಜೈಲಿನಲ್ಲೂ ಇದ್ದು ಬಂದರು.

ಮಂಜು ಚಿಕ್ಕಪ್ಪ: ನೋಡಿದ್ರಾ! ನಾನು ಸುಮ್ನೆ ಹಾಕಿದ್ದಲ್ಲ 😎

ಕೃಷ್ಣ ದೊಡ್ಡಪ್ಪ: ನೀನು ಸುಮ್ಮನಿರು. ಶ್ರುತಿ, ಒಬ್ಬರಿಂದ ಮೂವರು ಅನ್ನುವುದು ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ನಾಲ್ಕನೇ ಸುತ್ತಿಗೆ ಯಾರೂ ಇರಲ್ಲ. ಶಾಲೆ ಇಲ್ಲದೆ ಲಿಪಿ ನಿಲ್ಲಲ್ಲ.

ನಾನು: ನಿಂತಿದೆ ದೊಡ್ಡಪ್ಪ. ಲೈಬೀರಿಯಾದ ವಾಯ್ ಲಿಪಿ 1830ರ ದಶಕದ್ದು. ಮನೆಯಲ್ಲಿ, ಸ್ನೇಹಿತರಿಂದ ಕಲಿತೇ ಬಂದದ್ದು. ಜನ ಅದರಲ್ಲಿ ಕಾಗದ ಬರೆಯುತ್ತಿದ್ದರು, ಅಂಗಡಿ ಲೆಕ್ಕ ಇಡುತ್ತಿದ್ದರು. ಗಿನಿಯವರೇ ಆದ ಸುಲೇಮಾನ ಕಾಂಟೆ 1949ರಲ್ಲಿ ಪಶ್ಚಿಮ ಆಫ್ರಿಕಾದ ಮಾಂಡಿಂಗ್ ಭಾಷೆಗಳಿಗೆ ಎನ್ಕೊ ಲಿಪಿ ಮಾಡಿದರು. ಬರೀ ಅಕ್ಷರಮಾಲೆ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ವ್ಯಾಕರಣ, ಇತಿಹಾಸ, ನಾಟಿ ಔಷಧಿ ಅಂತ ಬರೆಯುತ್ತಲೇ ಹೋದರು, ಕುರಾನನ್ನೂ ತಂದರು. 1987ರಲ್ಲಿ ಅವರು ತೀರಿಕೊಂಡರೂ ಎನ್ಕೊ ನಿಲ್ಲಲಿಲ್ಲ. ಓದಲು ಏನಾದರೂ ಇದ್ದರೆ ಕಲಿತವನು ಮರೆಯಲ್ಲ.

ಅರುಣಣ್ಣ: ಮೊಬೈಲ್‌ನಲ್ಲಿ ಬರದಿದ್ದರೆ ಈಗ ಯಾವ ಲಿಪಿಯೂ ಇಲ್ಲ. ಅದ್ಲಮ್ ಉಳಿದದ್ದು ಯೂನಿಕೋಡ್‌ನಿಂದ, ಅಂದರೆ ಕಂಪ್ಯೂಟರ್, ಮೊಬೈಲ್‌ಗಳಿಗೆ ಪ್ರತಿ ಲಿಪಿಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತು ಮಾಡುವ ಪಟ್ಟಿಯಿಂದ. ಅದನ್ನು ಒಪ್ಪಿಕೋ.

ನಾನು: ಅರ್ಧ ಒಪ್ಪುತ್ತೇನೆ. ಅಣ್ಣತಮ್ಮಂದಿರು ಮೊದಲು ಮಾಡಿಸಿದ ಫಾಂಟ್ ಅರಬ್ಬಿ ಅಕ್ಷರಗಳ ಜಾಗದಲ್ಲಿ ಕೂತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಅರಬ್ಬಿ ಕಾಣುತ್ತಿತ್ತು, ಅರ್ಥವೇ ಇಲ್ಲದ ಅರಬ್ಬಿ. ದೊಡ್ಡಪ್ಪನ ಹಳೆಯ ಪ್ರಶ್ನೆಪತ್ರಿಕೆ ಫೈಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಗ್ಲಿಷ್ ಅಕ್ಷರದ ಕಸವಾಗಿ ತೆರೆದಿತ್ತಲ್ಲ, ಅದೇ ರೋಗ. 2016ರಲ್ಲಿ ಯೂನಿಕೋಡ್ 9ಕ್ಕೆ ಅದ್ಲಮ್ ಸೇರಿತು. ಗೂಗಲ್ ನೋಟೊ ಫಾಂಟ್ ಮಾಡಿತು, 2019ರಲ್ಲಿ ವಿಂಡೋಸ್‌ಗೂ ಬಂತು. ಆದರೆ ಯೂನಿಕೋಡ್‌ಗೆ ಸೇರಿಸಿ ಅನ್ನುವ ಅರ್ಜಿ ಮುಂದೆ ಹೋಗಬೇಕಾದರೆ ಬಳಸುವ ಜನ ಇದ್ದಾರೆ ಅಂತ ತೋರಿಸಬೇಕಿತ್ತು. ಆ ಜನ ಸಂತೆಯಲ್ಲಿ ಕಲಿತವರು.

ಕೃಷ್ಣ ದೊಡ್ಡಪ್ಪ: ಆಯ್ತು. ಆ ಹುಡುಗರ ಛಲಕ್ಕೆ ಶಹಭಾಸ್ ಅನ್ನುತ್ತೇನೆ. ಚೂರಾಗುವ ಮಾತಿಗೆ ನೀನು ಉತ್ತರ ಕೊಟ್ಟಿಲ್ಲ.

ನಾನು: ಕೊಡಲು ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ ದೊಡ್ಡಪ್ಪ. ಸೆನೆಗಲ್‌ನಲ್ಲಿ ರೋಮನ್ ಫುಲಾ ಪುಸ್ತಕ ಓದುವವರಿಗೆ ಅದ್ಲಮ್ ಓದಲು ಬರಲ್ಲ, ಅದು ನಷ್ಟವೇ. ಆದರೆ ಈ ಲಿಪಿ ಕಲಿತವರಲ್ಲಿ ಎಷ್ಟೋ ಜನ ಅದಕ್ಕೆ ಮುಂಚೆ ಯಾವ ಲಿಪಿಯನ್ನೂ ಓದುತ್ತಿರಲಿಲ್ಲ. ಅವರಿಂದ ಏನೂ ಚೂರಾಗಲಿಲ್ಲ.

ಕೃಷ್ಣ ದೊಡ್ಡಪ್ಪ: ಅದು ಮೊದಲ ತಲೆಮಾರಿಗೆ ಸರಿ. ಅವರ ಮಕ್ಕಳು ಶಾಲೆಯಲ್ಲಿ ಫ್ರೆಂಚ್ ಕಲಿಯುತ್ತಾರೆ, ರೋಮನ್ ತಾನಾಗಿ ಬರುತ್ತದೆ. ಅವರು ಅದ್ಲಮ್‌ನಲ್ಲಿ ಮೆಸೇಜ್ ಕಳಿಸುತ್ತಾರೋ ರೋಮನ್‌ನಲ್ಲೋ, ಅದನ್ನು ನೋಡಿ ಹೇಳುತ್ತೇನೆ.

ಲತಾ ಅತ್ತೆ: ಅಣ್ಣ, ನಮ್ಮ ಮಕ್ಕಳೇ ಕನ್ನಡವನ್ನು ರೋಮನ್‌ನಲ್ಲಿ ಕುಟ್ಟುತ್ತವೆ. ಅವರನ್ನು ಯಾಕೆ ಅನ್ನುವುದು?

ಅರುಣಣ್ಣ: 🙈

ಮಂಜು ಚಿಕ್ಕಪ್ಪ: ಹಾಗಾದರೆ ಇದನ್ನು ಆಫೀಸ್ ಗುಂಪಿಗೆ ಹಾಕಬಹುದಾ?

ನಾನು: 4 ಕೋಟಿ ತೆಗೆದು, ಅಣ್ಣತಮ್ಮಂದಿರ ಹೆಸರು ಸೇರಿಸಿ ಹಾಕಿ ಚಿಕ್ಕಪ್ಪ.

ಮಂಜು ಚಿಕ್ಕಪ್ಪ: ಆಗಲೇ ಹಾಕಿಬಿಟ್ಟೆ.