ಕೂಲರ್ ಹಾಕಿದಾಗ ಮಾನಿಟರ್ ಕಪ್ಪಾಗುತ್ತದೆ, ಮಧ್ಯಾಹ್ನ ಬಣ್ಣದ ಚುಕ್ಕೆ ಬರುತ್ತವೆ: ದೋಷ ಎಲ್ಲಿದೆ?

ಪ್ರಶ್ನೆ (ರಾಯಚೂರಿನಿಂದ)

ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಪರದೆಯಲ್ಲಿ ಎರಡು ಬಗೆಯ ತೊಂದರೆ ಕಾಣಿಸಿಕೊಂಡಿದೆ. ಅದೇ ಕೋಣೆಯ ಏರ್ ಕೂಲರನ್ನು ಹಾಕಿದಾಗ ಅಥವಾ ಆರಿಸಿದಾಗ ಮಾನಿಟರ್ ಎರಡು ಮೂರು ಸೆಕೆಂಡು ಕಪ್ಪಾಗಿ, ತಾನಾಗಿಯೇ ಮತ್ತೆ ಬರುತ್ತದೆ. ಆ ಹೊತ್ತಿನಲ್ಲಿ ಸ್ಪೀಕರಿನ ಹಾಡು ನಿಲ್ಲುವುದಿಲ್ಲ, ಸಿಪಿಯು ಫ್ಯಾನ್ ಕೂಡ ತಿರುಗುತ್ತಲೇ ಇರುತ್ತದೆ. ಇನ್ನೊಂದು, ಮಧ್ಯಾಹ್ನ ಮಗಳು ಬಹಳ ಹೊತ್ತು ಕೆಲಸ ಮಾಡುತ್ತಿದ್ದರೆ ಪರದೆಯ ತುಂಬ ಬಣ್ಣದ ಚುಕ್ಕೆಗಳು ಎದ್ದು, ಕೆಲವೊಮ್ಮೆ ಎಲ್ಲವೂ ಹ್ಯಾಂಗ್ ಆಗುತ್ತದೆ. ಬೆಳಗಿನ ಹೊತ್ತು ಹೀಗಾಗುವುದಿಲ್ಲ.

ಎಚ್‌ಡಿಎಂಐ ಕೇಬಲ್ ಮೇಲೆ ಅನುಮಾನ ಬಂದು ಹಳೆಯ ವಿಜಿಎ ಕೇಬಲ್ ಹಾಕಿ ನೋಡಿದೆ. ಆಗ ಕೂಲರ್ ಹಾಕಿದರೂ ಪರದೆ ಕಪ್ಪಾಗಲಿಲ್ಲ, ಚಿತ್ರ ಒಮ್ಮೆ ಅಲುಗಿತು ಅಷ್ಟೆ. ಆದರೆ ಬಿಳಿ ಕಾಣಬೇಕಾದ ಜಾಗವೆಲ್ಲ ಗುಲಾಬಿ ನೇರಳೆಯಾಗಿತ್ತು. ಅಂಗಡಿಯವರು ಮಾನಿಟರ್ ಹೋಗಿದೆ, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ. ಖರ್ಚಿಗೆ ಇಳಿಯುವ ಮೊದಲು ದೋಷ ಯಾವ ಭಾಗದಲ್ಲಿದೆ ಎಂದು ಮನೆಯಲ್ಲೇ ತಿಳಿಯುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ಗಂಗಾವತಿಯಿಂದ)

ಸರ್, ನೀವು ಕೊಟ್ಟ ವಿವರ ಚೆನ್ನಾಗಿದೆ. ಅದನ್ನು ಓದಿದರೆ ಮಾನಿಟರ್ ಹೋಗಿದೆ ಎನ್ನುವುದಕ್ಕೆ ಆಧಾರ ಕಾಣುವುದಿಲ್ಲ. ಎರಡೂ ಬೇರೆ ಬೇರೆ ದೋಷಗಳು, ಒಂದೇ ಎಂದುಕೊಂಡು ಹುಡುಕಿದರೆ ತಲೆ ಕೆಡುತ್ತದೆ. ನಾನು ಕೂಲರಿನ ವಿಷಯವನ್ನಷ್ಟೇ ಹೇಳುತ್ತೇನೆ.

ಕೂಲರಿನ ಮೋಟಾರ್ ಮತ್ತು ಪಂಪ್ ಶುರುವಾಗುವ, ನಿಲ್ಲುವ ಕ್ಷಣದಲ್ಲಿ ಸ್ವಿಚ್ಚಿನೊಳಗೆ ಕಿಡಿ ಹಾರಿ ತಂತಿಯಲ್ಲಿ ಒಂದು ಪೆಟ್ಟು ಹಾಯುತ್ತದೆ. ಎಚ್‌ಡಿಎಂಐ ಡಿಜಿಟಲ್ ಸಂಪರ್ಕವಾದ್ದರಿಂದ ಆ ಪೆಟ್ಟಿಗೆ ಸಂಕೇತ ತಪ್ಪಿದರೆ ಮಾನಿಟರ್ ಮತ್ತು ಕಂಪ್ಯೂಟರಿನೊಳಗೆ ಚಿತ್ರ ತಯಾರಿಸುವ ಗ್ರಾಫಿಕ್ಸ್ ಕಾರ್ಡ್ ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ, ಆ ಎರಡು ಮೂರು ಸೆಕೆಂಡಿನ ಕತ್ತಲೆ ಅದೇ. ವಿಜಿಎಯಲ್ಲಿ ಈ ಹೊಂದಾಣಿಕೆ ಇಲ್ಲದಿರುವುದರಿಂದ ಚಿತ್ರ ಒಮ್ಮೆ ಅಲುಗಿ ಸುಮ್ಮನಾಗುತ್ತದೆ. ಗುಲಾಬಿ ನೇರಳೆಗೆ ಕೂಡ ಮಾನಿಟರ್ ಕಾರಣವಿರಲಿಕ್ಕಿಲ್ಲ: ವಿಜಿಎಯ 15 ಪಿನ್ನುಗಳಲ್ಲಿ 1 ಕೆಂಪು, 2 ಹಸಿರು, 3 ನೀಲಿ, ಹಸಿರು ಬಾರದೆ ಹೋದರೆ ಉಳಿದೆರಡು ಸೇರಿ ಆ ಬಣ್ಣವಾಗುತ್ತದೆ. ಹಳೆಯ ಕೇಬಲಿನ ಎರಡನೆಯ ಪಿನ್ ಬಾಗಿದೆಯೋ ಒಳಗೆ ಸೇರಿದೆಯೋ ಟಾರ್ಚ್ ಹಿಡಿದು ನೋಡಿ.

ಮುಂದಿನ ಸಲ ಕಪ್ಪಾದಾಗ ಮಾನಿಟರಿನ ಪವರ್ ದೀಪವನ್ನು ಗಮನಿಸಿ. ದೀಪ ಪೂರ್ತಿ ಆರಿ, ಕಂಪನಿಯ ಲೋಗೊ ಮೂಡಿ ಚಿತ್ರ ಬಂದರೆ ಮಾನಿಟರಿಗೆ ಕರೆಂಟೇ ತಪ್ಪುತ್ತಿದೆ ಎಂದರ್ಥ. ಲೋಗೊ ಬಾರದಿದ್ದರೆ ತಪ್ಪಿದ್ದು ಸಂಕೇತ ಮಾತ್ರ. ನನ್ನ ಅನುಮಾನ ಅಂಥ ಪೆಟ್ಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಮೇಲಿದೆ. ನಿಮ್ಮದು ಎರೆ ನೆಲವಾಗಿದ್ದರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು, ಅರ್ಥಿಂಗ್ ಕಂಬಿಯ ಸುತ್ತಲಿನ ಮಣ್ಣು ಒಣಗಿ ದೂರ ಸರಿಯುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಹಿಂದಿನವರು ಬೇಸಿಗೆಯಲ್ಲಿ ನೀರು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಯಿಸಿ. ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಕೂಲರ್ ಮತ್ತು ಕಂಪ್ಯೂಟರ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದರೆ ಇವತ್ತೇ ಬೇರ್ಪಡಿಸಿ.

ಉತ್ತರ 2 (ಸಿಂಧನೂರಿನಿಂದ)

ಇಷ್ಟೆಲ್ಲ ಏಕೆ, ಒಂದು ಯುಪಿಎಸ್ ತಂದಿಟ್ಟರೆ ಕೂಲರಿನ ಕಾಟ ಕಂಪ್ಯೂಟರಿಗೆ ತಟ್ಟುವುದಿಲ್ಲವಲ್ಲ?

ಉತ್ತರ 1 (ಗಂಗಾವತಿಯಿಂದ)

ಮನೆಗೆ ತರುವ ಸಾಮಾನ್ಯ ಯುಪಿಎಸ್ ಕರೆಂಟ್ ಇರುವಷ್ಟು ಹೊತ್ತು ಅದೇ ಕರೆಂಟನ್ನು ಹೆಚ್ಚು ಕಡಿಮೆ ಹಾಗೆಯೇ ದಾಟಿಸುತ್ತದೆ, ಬ್ಯಾಟರಿ ಒದಗುವುದು ಕರೆಂಟ್ ಹೋದಾಗ. ಅದು ಬೇಕಾದ ವಸ್ತುವೇ, ಆದರೆ ಅರ್ಥಿಂಗ್ ಇಲ್ಲದ ಕೊರತೆಯನ್ನು ತುಂಬುವುದಿಲ್ಲ.

ಉತ್ತರ 3 (ಬಳ್ಳಾರಿಯಿಂದ)

ಮಧ್ಯಾಹ್ನದ ಚುಕ್ಕೆಗಳ ಬಗ್ಗೆ ನನ್ನ ಅಭಿಪ್ರಾಯ. ಚುಕ್ಕೆ ಎದ್ದಾಗ ಹ್ಯಾಂಗ್ ಆಗುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದು ಉಳಿಸಿ, ಆಮೇಲೆ ಅದನ್ನು ಮೊಬೈಲಿನಲ್ಲಿ ತೆರೆದು ನೋಡಿ. ಅಲ್ಲಿಯೂ ಚುಕ್ಕೆ ಇದ್ದರೆ ದೋಷ ಕಂಪ್ಯೂಟರಿನೊಳಗೇ ಹುಟ್ಟಿದೆ. ಮೊಬೈಲಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಕೇಬಲ್ ಅಥವಾ ಮಾನಿಟರ್ ಕಡೆ ಅನುಮಾನ ಹೋಗುತ್ತದೆ.

ಬೆಳಿಗ್ಗೆ ಇಲ್ಲದ್ದು ಮಧ್ಯಾಹ್ನ ಬರುತ್ತದೆ ಎಂದರೆ ನಮ್ಮ ಕಡೆ ಮೊದಲು ನೆನಪಾಗಬೇಕಾದದ್ದು ಬಿಸಿಲು ಮತ್ತು ಧೂಳು. ಅದಿರು ಲಾರಿ ಓಡಾಡುವ ರಸ್ತೆಯ ಮನೆಗಳಲ್ಲಿ ಕ್ಯಾಬಿನೆಟ್ ತೆರೆದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿ ಹೊರಹಾಕುವ ಲೋಹದ ಪಟ್ಟಿಗಳ (ಹೀಟ್‌ಸಿಂಕ್) ಸಂದುಗಳು ಕೆಂಪು ಧೂಳಿನಿಂದ ಕಂಬಳಿಯಂತೆ ಮುಚ್ಚಿಕೊಂಡಿರುತ್ತವೆ. ಫ್ಯಾನ್ ತಿರುಗಿದರೂ ಗಾಳಿ ದಾಟುವುದಿಲ್ಲ. ವಿಂಡೋಸ್ 11 ಇದ್ದರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಕಾರ್ಡಿನ ಉಷ್ಣತೆ ಸಾಮಾನ್ಯವಾಗಿ ಕಾಣುತ್ತದೆ, ಬೆಳಿಗ್ಗೆಯದನ್ನೂ ಮಧ್ಯಾಹ್ನದ್ದನ್ನೂ ಹೋಲಿಸಿ. ಸ್ವಚ್ಛ ಮಾಡುವಾಗ ಪ್ಲಗ್ ಕಿತ್ತು, ಅಂಗಳಕ್ಕೆ ತಂದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ. ಮಾನಿಟರನ್ನು ಮಾತ್ರ ಬಿಚ್ಚಬೇಡಿ, ಅದರೊಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು (ರಾಯಚೂರಿನಿಂದ)

ಎಲ್ಲರಿಗೂ ಧನ್ಯವಾದ. ಕಪ್ಪಾದಾಗ ಲೋಗೊ ಬರುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ನೋಡಿದಾಗ ಅರ್ಥಿಂಗ್ ತಂತಿ ಗುಂಡಿಯ ಬಾಯಿಯಲ್ಲೇ ತುಕ್ಕು ಹಿಡಿದು ಕಡಿದಿರುವುದು ಕಂಡಿತು. ಹೊಸ ತಂತಿ ಜೋಡಿಸಿ, ಗುಂಡಿಗೆ ನೀರು ಹಾಕಿ, ಕೂಲರನ್ನು ಬೇರೆ ಲೈನಿಗೆ ಕೊಟ್ಟ ಮೇಲೆ ಕಪ್ಪಾಗುವುದು ನಿಂತಿದೆ. ಸ್ಕ್ರೀನ್‌ಶಾಟಿನಲ್ಲಿ ಚುಕ್ಕೆಗಳು ಇವೆ. ಧೂಳು ತೆಗೆದ ನಂತರ ಉಷ್ಣತೆ ಇಳಿದಿದೆ, ಚುಕ್ಕೆಗಳು ಕಡಿಮೆಯಾಗಿವೆ, ಆದರೆ ಪೂರ್ತಿ ಹೋಗಿಲ್ಲ.

ಉತ್ತರ 3 (ಬಳ್ಳಾರಿಯಿಂದ)

ಹಾಗಾದರೆ ಹೊಸ ಮಾನಿಟರಿನ ಮಾತು ಬಿಡಿ. ಚುಕ್ಕೆ ಬಂದ ತಕ್ಷಣ ರೀಸ್ಟಾರ್ಟ್ ಮಾಡಿ, ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ ಪರದೆಗೆ ಹೋಗಿ. ಅಲ್ಲಿಯೂ ಕಂಡರೆ ಕಾರ್ಡೇ ಸೋತಿದೆ. ವಿಂಡೋಸ್ ಬಂದ ಮೇಲೆ ಮಾತ್ರ ಕಂಡರೆ, ಕಾರ್ಡನ್ನು ನಡೆಸುವ ಹಳೆಯ ತಂತ್ರಾಂಶವನ್ನು (ಡ್ರೈವರ್) ಅಳಿಸಿ ಕಾರ್ಡಿನ ಚಿಪ್ ತಯಾರಕರ ತಾಣದಿಂದಲೇ ಹೊಸದನ್ನು ಹಾಕಿ ಪರೀಕ್ಷಿಸಬಹುದು. ಕಾರ್ಡ್ ಸೋತಿದ್ದರೂ ಗಾಬರಿ ಬೇಡ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನು ತೆಗೆದು ಕೇಬಲನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಕೊಡಿ, ಓದಿಗೂ ಟೈಪಿಂಗಿಗೂ ಅದು ಧಾರಾಳ ಸಾಕು. ಇಂಟೆಲ್ ಪ್ರೊಸೆಸರ್ ಆಗಿದ್ದು ಮಾದರಿ ಸಂಖ್ಯೆಯ ಕೊನೆಗೆ ಎಫ್ ಅಕ್ಷರ ಇದ್ದರೆ ಆ ಸೌಲಭ್ಯ ಇರುವುದಿಲ್ಲ, ಆಗ ಬೇರೆ ಕಾರ್ಡ್ ತರಲೇಬೇಕು.